ಸ್ಟೆಲ್ಲಾದ ಹಳದಿ ತಿಳಿಯಾದ ಬಗೆ: ಮಿನಿಯೇಚರ್ ಡೇಲಿಲಿಯ ಒಂದು ಸಂಕರ, ಮನೆತೋಟದ ಲೆಕ್ಕದಲ್ಲಿ

ಅಮೆರಿಕದಲ್ಲಿ ಜೂನ್ ತಿಂಗಳಲ್ಲಿ ಅಂಗಡಿ ಸಾಲಿನ ಮುಂದೆ ಕಾರು ನಿಲ್ಲಿಸಿ ಇಳಿದರೆ, ಕಾಲಬುಡದ ಪಾತಿಯಲ್ಲಿ ಚೆಂಡುಹೂವಿನಷ್ಟು ಗಾಢ ಹಳದಿಯ ಪುಟ್ಟ ಲಿಲ್ಲಿಗಳು ಕಾಣುವುದು ಹೆಚ್ಚುಕಡಿಮೆ ಖಚಿತ. ಅದು ಸ್ಟೆಲ್ಲಾ ಡಿ ಓರೊ ಎಂಬ ಡೇಲಿಲಿ, ಲಿಲ್ಲಿಯಂಥ ಹೂಬಿಡುವ ಗಿಡ. ಇಂಡಿಯಾನಾ ರಾಜ್ಯದ ಮೆರಿಲ್‌ವಿಲ್‌ನ ವಾಲ್ಟರ್ ಜಬ್ಲಾನ್ಸ್ಕಿ 1975ರಲ್ಲಿ ನೋಂದಾಯಿಸಿದ ತಳಿ. ಹೂದಂಟು 11 ಇಂಚು, ಹೂವಿನ ಅಗಲ 2¾ ಇಂಚು. 1979ರಲ್ಲಿ ಮಿನಿಯೇಚರ್‌ಗಳಿಗೆಂದೇ, ಅಂದರೆ ಪುಟ್ಟ ಹೂವಿನ ತಳಿಗಳಿಗೆಂದೇ, ಇರುವ ಡಾನ್ ಫಿಷರ್ ಪ್ರಶಸ್ತಿ ಬಂತು, 1985ರಲ್ಲಿ ಡೇಲಿಲಿ ಲೋಕದ ಅತಿ ದೊಡ್ಡ ಗೌರವವಾದ ಸ್ಟೌಟ್ ಬೆಳ್ಳಿ ಪದಕ.

ಪದಕಗಳಿಗಿಂತ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಬೇರೊಂದು ಗುಣ. ಸಾಮಾನ್ಯ ಡೇಲಿಲಿ ವರ್ಷಕ್ಕೆ ಮೂರು ನಾಲ್ಕು ವಾರ ಹೂಬಿಟ್ಟು ಕೈಮುಗಿಯುತ್ತದೆ. ಒಂದೊಂದು ಹೂವಿಗೆ ಒಂದೇ ದಿನದ ಆಯುಸ್ಸು. ದಂಟಿನಲ್ಲಿ ಮೊಗ್ಗು ಮುಗಿದರೆ ಆ ವರ್ಷದ ಆಟ ಮುಗಿಯಿತು. ಸ್ಟೆಲ್ಲಾ ಹಾಗಲ್ಲ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಪಕ್ಕದ ಹಿಳ್ಳುಗಳಿಂದ ಹೊಸ ದಂಟು ಏಳುತ್ತವೆ, ನಡುವೆ ಸ್ವಲ್ಪ ಬಿಡುವು ಕೊಟ್ಟು ಚಳಿ ಬೀಳುವವರೆಗೂ ಅರಳುತ್ತಲೇ ಇರುತ್ತದೆ.

ತೊಂದರೆ ಇದ್ದದ್ದು ಬಣ್ಣದಲ್ಲಿ. ಆ ಚಿನ್ನದ ಹಳದಿಯಲ್ಲಿ ಕೇಸರಿಯ ಛಾಯೆ ಇದೆ. ಪಕ್ಕದಲ್ಲಿ ತಿಳಿಗುಲಾಬಿ, ನೇರಳೆ ಏನನ್ನಿಟ್ಟರೂ ಕಣ್ಣು ಕುಕ್ಕುತ್ತದೆ. ಇದೇ ಗಿಡ, ಇದೇ ಗಾತ್ರ, ಇದೇ ಮರುಹೂವು, ಆದರೆ ಬೇರೆ ಬಣ್ಣದಲ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಮೊದಲು ಗಟ್ಟಿಯಾಗಿ ನಿಂತ ಉತ್ತರಗಳಲ್ಲಿ ಒಂದು ಡ್ಯಾರೆಲ್ ಆಪ್ಸ್ 1986ರಲ್ಲಿ ನೋಂದಾಯಿಸಿದ ಹ್ಯಾಪಿ ರಿಟರ್ನ್ಸ್. ಆಪ್ಸ್ ಪೆನ್ಸಿಲ್ವೇನಿಯಾದ ಲಾಂಗ್‌ವುಡ್ ಗಾರ್ಡನ್ಸ್‌ನಲ್ಲಿ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದವರು. ಸ್ಟೆಲ್ಲಾವನ್ನು ಅವರು ಕೂಡಿಸಿದ್ದು ಸೂಸಿ ವಾಂಗ್ ಎಂಬ, 1962ರಲ್ಲಿ ನೋಂದಣಿಯಾದ ಹಳೆಯ ನಿಂಬೆಹಳದಿ ತಳಿಯ ಜೊತೆ. ಹುಟ್ಟಿದ ಸಸಿ ತಿಳಿಹಳದಿ, ಸುವಾಸನೆಯದು, ಬೇಗ ಹೂಬಿಡುವಂಥದ್ದು, ಮತ್ತೆ ಮತ್ತೆ ಅರಳುವಂಥದ್ದು. ದಂಟು 18 ಇಂಚು. ಹೂವು 3⅛ ಇಂಚು.

ಕೊನೆಯ ಆ ಅಂಕಿಯನ್ನು ಗಮನಿಸಿ. ಅಮೆರಿಕನ್ ಡೇಲಿಲಿ ಸೊಸೈಟಿಯ ಪ್ರಕಾರ ಹೂವಿನ ಅಗಲ 3 ಇಂಚಿಗಿಂತ ಕಡಿಮೆ ಇದ್ದರೆ ಮಿನಿಯೇಚರ್, 3ರಿಂದ 4½ರ ಒಳಗೆ ಸಣ್ಣಹೂವಿನದು, ಅದಕ್ಕೂ ಮೇಲೆ ದೊಡ್ಡಹೂವಿನದು. ಮಿನಿಯೇಚರ್ ಸ್ಟೆಲ್ಲಾದ ಮಗು ಇಂಚಿನ ಎಂಟನೇ ಒಂದು ಭಾಗದಷ್ಟು ಗೆರೆ ದಾಟಿ ವರ್ಗ ಬದಲಿಸಿತು. ಬಣ್ಣ ಸಿಕ್ಕಿತು, ಮರುಹೂವು ಉಳಿಯಿತು, ಗಾತ್ರ ಕೈಜಾರಿತು. ಮಿನಿಯೇಚರ್ ಸಂಕರದ ಪಾಡೆಲ್ಲ ಈ ಒಂದು ಜೋಡಿಯಲ್ಲಿ ಇದೆ. ಅದಕ್ಕೇ ಇದನ್ನು ಬಿಡಿಸಿ ನೋಡಿ, ಅದೇ ಕೆಲಸವನ್ನು 4 ಅಡಿ ಅಗಲ 8 ಅಡಿ ಉದ್ದದ ಒಂದು ಪಾತಿಯಲ್ಲಿ ಹೇಗೆ ಮಾಡಬಹುದು ಎಂದು ಲೆಕ್ಕ ಹಾಕುವುದು ಉಪಯೋಗಕ್ಕೆ ಬರುತ್ತದೆ.

ಮಿನಿಯೇಚರ್ ಎಂಬ ಮಾತಿನಲ್ಲಿ ಇನ್ನೊಂದು ಮೋಸವಿದೆ. ಅದು ಹೂವಿನ ಅಳತೆ, ಗಿಡದ್ದಲ್ಲ. ಎರಡೂವರೆ ಇಂಚಿನ ಹೂವು ಮೂರಡಿ ದಂಟಿನ ಮೇಲೆ ನಿಂತಿದ್ದರೂ ಪುಸ್ತಕದಲ್ಲಿ ಅದು ಮಿನಿಯೇಚರ್ರೇ. ಕ್ಯಾಟಲಾಗ್ ನೋಡಿ ಕುಂಡಕ್ಕೆಂದು ತರಿಸಿಕೊಂಡವರು ಇಲ್ಲಿ ಎಡವುತ್ತಾರೆ. ಕೊಳ್ಳುವಾಗ ಮೂರು ಅಂಕಿ ಕೇಳಬೇಕು: ಹೂವಿನ ಅಗಲ, ದಂಟಿನ ಎತ್ತರ, ಎಲೆಯ ಎತ್ತರ. ಮೂರನೆಯದನ್ನು ಮಾರುವವರು ಹೇಳುವುದು ಅಪರೂಪ, ಆದರೆ ನೋಟ ಕೆಡಿಸುವುದು ಅದೇ. ಎಲೆಯ ನಡುವೆ ಹೂ ಮುಳುಗಿದ ಗಿಡ ಎಷ್ಟು ಹೂಬಿಟ್ಟರೂ ಹುಲ್ಲಿನ ಮೆದೆಯಂತೆಯೇ ಕಾಣುತ್ತದೆ.

ಕೆಂಪಿಗೆ ಏಕೆ ಹಾರಲಿಲ್ಲ

ಸ್ಟೆಲ್ಲಾ ಕೈಗೆ ಸಿಕ್ಕ ಕೂಡಲೇ ಯಾರಿಗಾದರೂ ಬರುವ ಮೊದಲ ಆಸೆ: ಕೆಂಪು ಅಥವಾ ನೇರಳೆ ದೊಡ್ಡ ಹೂವಿನ ಪರಾಗ ತಂದು ಹಚ್ಚಿಬಿಡೋಣ, ಕೆಂಪು ಸ್ಟೆಲ್ಲಾ ಹುಟ್ಟಲಿ. ಹುಟ್ಟುವುದು ಇಟ್ಟಿಗೆ ಬಣ್ಣದ, ಮಣ್ಣು ಕದಡಿದಂತಿರುವ, ಮೂರೂವರೆ ನಾಲ್ಕು ಇಂಚಿನ, ಒಂದೇ ಸಲ ಹೂಬಿಡುವ ಸಸಿಗಳು.

ಕಾರಣ ಬಣ್ಣದ ರಚನೆಯಲ್ಲಿದೆ. ಡೇಲಿಲಿಯ ಹಳದಿ ಕ್ಯಾರೊಟಿನಾಯ್ಡ್ ವರ್ಣಕದಿಂದ ಬರುತ್ತದೆ, ಅದು ಜೀವಕೋಶದೊಳಗಿನ ಪುಟ್ಟ ಕಣಗಳಲ್ಲಿ ಕೂತಿರುತ್ತದೆ. ಕೆಂಪು, ನೇರಳೆ ಬರುವುದು ಆಂಥೋಸಯನಿನ್‌ನಿಂದ, ಅದು ಕೋಶರಸದಲ್ಲಿ ಕರಗಿರುತ್ತದೆ. ಎರಡೂ ಒಂದರ ಬದಲು ಒಂದಲ್ಲ, ಒಂದರ ಮೇಲೊಂದು. ಗೋಡೆಗೆ ಗಾಢ ಅರಿಶಿನ ಬಳಿದು ಅದರ ಮೇಲೆ ತೆಳು ಕುಂಕುಮ ಹೊಡೆದ ಹಾಗೆ, ಸ್ಟೆಲ್ಲಾದ ಹಿನ್ನೆಲೆ ಕೆಳಗಿನಿಂದ ಇಣುಕುತ್ತಲೇ ಇರುತ್ತದೆ. ಶುದ್ಧ ಕೆಂಪು ಅಥವಾ ಗುಲಾಬಿ ಬೇಕಾದರೆ ಮೊದಲು ಹಿನ್ನೆಲೆಯ ಹಳದಿ ತೆಳುವಾಗಬೇಕು. ಸೂಸಿ ವಾಂಗ್ ಜೊತೆಗಿನ ಸಂಕರ ಮಾಡಿದ್ದು ಅಷ್ಟನ್ನೇ. ಹಳದಿಯನ್ನು ಹಳದಿಯಾಗಿಯೇ ಇಟ್ಟು ಸಾಂದ್ರತೆ ಇಳಿಸಿತು. ಬೇರೆ ಬಣ್ಣಕ್ಕೆ ಹೋಗುವವರಿಗೂ ಹ್ಯಾಪಿ ರಿಟರ್ನ್ಸ್ ಸ್ಟೆಲ್ಲಾಗಿಂತ ಒಳ್ಳೆಯ ಮೆಟ್ಟಿಲು ಎನ್ನುವುದು ಈ ಕಾರಣಕ್ಕೆ.

ಗಾತ್ರದ ಲೆಕ್ಕ ಬೇರೆ. ಹೂವಿನ ಅಗಲ ಒಂದು ಜೀನ್‌ನ ಹಿಡಿತದಲ್ಲಿಲ್ಲ, ಹಲವು ಸೇರಿ ನಿರ್ಧರಿಸುತ್ತವೆ. ಮಕ್ಕಳ ಗಾತ್ರ ಸಾಮಾನ್ಯವಾಗಿ ತಂದೆತಾಯಿಯ ನಡುವೆ ಹರಡಿಕೊಳ್ಳುತ್ತದೆ, ಒಂದಿಷ್ಟು ಆ ಕಡೆ ಈ ಕಡೆ ಚೆಲ್ಲುತ್ತವೆ. 2¾ ಇಂಚಿನದಕ್ಕೆ 5 ಇಂಚಿನ ಹೂವು ಕೂಡಿಸಿದರೆ 3 ಇಂಚಿನೊಳಗೆ ಉಳಿಯುವ ಸಸಿ ಕೈಬೆರಳಿಗೂ ಸಿಗದು. ಆದ್ದರಿಂದ ಗಾತ್ರ ಉಳಿಸಬೇಕಾದವರು ಎರಡೂ ಕಡೆ ಮಿನಿಯೇಚರನ್ನೇ ಇಡಬೇಕು, ಅಥವಾ ಒಂದು ಕಡೆ 3½ ಮೀರದ ಸಣ್ಣಹೂವು.

ಮರುಹೂವಿನ ಗುಣ ಇನ್ನೂ ಹಠಮಾರಿ. ಒಂದೇ ಕಡೆಯಿಂದ ಬಂದಾಗ ಮೊದಲ ಪೀಳಿಗೆಯಲ್ಲಿ ಅರೆಬರೆ ಕಾಣಿಸಿಕೊಳ್ಳುತ್ತದೆ: ಕೆಲವು ಸಸಿ ಆಗಸ್ಟ್‌ನಲ್ಲಿ ಒಂದು ದಂಟು ಎತ್ತಿ ಸುಮ್ಮನಾಗುತ್ತವೆ, ಬಹಳಷ್ಟು ಅದೂ ಇಲ್ಲ. ಮೂರು ಗುಣಗಳನ್ನು ಒಟ್ಟಿಗೆ ಎಳೆಯಲು ಹೋದರೆ ಮೂರೂ ಹರಿಯುತ್ತವೆ. ಒಂದು ಸಂಕರದಲ್ಲಿ ಒಂದನ್ನೇ ಬದಲಿಸುವುದು ಜಾಣತನ.

ಇನ್ನು ಸಂಖ್ಯೆಯ ಮಾತು. ಬೇಕಾದ ಗುಣ ನಾಲ್ಕರಲ್ಲಿ ಒಂದು ಸಸಿಗೆ ಬರುವಂತಿದ್ದರೆ, ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 95 ಇರಲು 11 ಸಸಿ ಬೆಳೆಸಬೇಕು. ಹದಿನಾರರಲ್ಲಿ ಒಂದಾದರೆ 47. ಅರವತ್ತನಾಲ್ಕರಲ್ಲಿ ಒಂದಾದರೆ 191. ಡೇಲಿಲಿಯ ಗುಣಗಳು ಇಷ್ಟು ಅಚ್ಚುಕಟ್ಟಾಗಿ ಹಂಚಿಕೆಯಾಗುವುದಿಲ್ಲ ನಿಜ. ಆದರೂ ಒಂದು ಕಾಯಿಯಿಂದ ಬಂದ ಆರು ಸಸಿಗಳಲ್ಲಿ ಏನೂ ಸಿಗಲಿಲ್ಲ ಎಂದು ಜೋಡಿಯನ್ನೇ ಕೈಬಿಡುವವರಿಗೆ ಈ ಮೂರು ಅಂಕಿ ಸಾಕು.

ಜೋಡಿ ಹಾಕುವ ಮೊದಲು

ಮೊದಲ ಪರೀಕ್ಷೆ ವರ್ಣತಂತುಗಳದ್ದು. ಅವುಗಳ ಎರಡು ಪ್ರತಿ ಇರುವ ಡಿಪ್ಲಾಯ್ಡ್ ಡೇಲಿಲಿಯಲ್ಲಿ 22, ನಾಲ್ಕು ಪ್ರತಿ ಇರುವ ಟೆಟ್ರಾಪ್ಲಾಯ್ಡ್‌ನಲ್ಲಿ 44. ಇವೆರಡರ ನಡುವೆ ಕಾಯಿ ಕಟ್ಟುವುದು ಇಲ್ಲವೆಂದೇ ಇಟ್ಟುಕೊಳ್ಳಿ. ಕಟ್ಟಿದರೂ ಉದುರುತ್ತದೆ, ಉದುರದಿದ್ದರೆ ಒಳಗೆ ಜೊಳ್ಳು. ಸ್ಟೆಲ್ಲಾ ಮತ್ತು ಹ್ಯಾಪಿ ರಿಟರ್ನ್ಸ್ ಎರಡೂ ಡಿಪ್ಲಾಯ್ಡ್. ಇಂದು ಮಾರುಕಟ್ಟೆಯಲ್ಲಿರುವ ದಪ್ಪ ಅಂಚಿನ, ನೆರಿಗೆಯ ಆಕರ್ಷಕ ಹೂಗಳಲ್ಲಿ ಬಹುಪಾಲು ಟೆಟ್ರಾಪ್ಲಾಯ್ಡ್, ಹಾಗಾಗಿ ಅವುಗಳ ಪರಾಗ ಇಲ್ಲಿ ಕೆಲಸಕ್ಕೆ ಬಾರದು. ಕಾಲ್ಚಿಸಿನ್ ಎಂಬ ರಾಸಾಯನಿಕ ಹಚ್ಚಿ ಡಿಪ್ಲಾಯ್ಡನ್ನು ಟೆಟ್ರಾಪ್ಲಾಯ್ಡ್ ಮಾಡುವ ದಾರಿ ಇದೆ, ಆದರೆ ಅದು ಕಡು ವಿಷ, ಮಕ್ಕಳುಮರಿ ಓಡಾಡುವ ಮನೆಯ ಕೆಲಸವಲ್ಲ. ಹಳೆಯ ತೋಟಗಳಲ್ಲಿ ಕಾಣುವ ಕೇಸರಿ ಬಣ್ಣದ ಯುರೋಪಾ ಎಂಬ ಡೇಲಿಲಿಯದು ಮೂರನೇ ಬಗೆ: 33 ವರ್ಣತಂತು, ಬಹುತೇಕ ಬಂಜೆ. ಅದರ ಮೇಲೆ ವರ್ಷಗಟ್ಟಲೆ ಪರಾಗ ಸವರಿ ತಲೆಕೆಡಿಸಿಕೊಂಡವರು ಕಡಿಮೆಯಿಲ್ಲ.

ಎರಡನೆಯದು, ಯಾವುದು ತಾಯಿ ಎಂಬ ನಿರ್ಧಾರ. ಕಾಯಿ ಹೊತ್ತ ಗಿಡ ಹೊಸ ದಂಟು ಎತ್ತುವುದನ್ನು ತಗ್ಗಿಸುತ್ತದೆ. ಸ್ಟೆಲ್ಲಾದ ಮೇಲೆಯೇ ಮೂವತ್ತು ಕಾಯಿ ಬಿಟ್ಟರೆ ಅದು ಮರುಹೂವಿನ ಗಿಡ ಎಂಬುದೇ ಆ ವರ್ಷ ಮರೆತುಹೋಗುತ್ತದೆ. ಆದ್ದರಿಂದ ಹೇಗೂ ಒಂದೇ ಸಲ ಹೂಬಿಡುವ ಜೊತೆಗಾರನನ್ನು ತಾಯಿ ಮಾಡಿ, ಪರಾಗವನ್ನು ಸ್ಟೆಲ್ಲಾದಿಂದ ತೆಗೆಯುವುದು ಲೇಸು. ಜೊತೆಗಾರ ಕಾಯಿ ಕಟ್ಟದಿದ್ದರೆ ಮಾತ್ರ ತಿರುವುಮುರುವು ಮಾಡಿ.

ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಸಲ ಯೋಚಿಸಿ. ಡೇಲಿಲಿಯ ಎಲೆ, ಹೂವು, ಪರಾಗ ಯಾವುದಾದರೂ ಬೆಕ್ಕಿನ ಮೂತ್ರಪಿಂಡಕ್ಕೆ ಮಾರಕ. ಪರಾಗ ಒಣಗಲು ಇಟ್ಟ ತಟ್ಟೆ ಅಡಿಗೆಮನೆ ಕಟ್ಟೆಯ ಮೇಲಿರಬಾರದು.

ಪಾತಿ ಮತ್ತು ತಾಯಿಗಿಡ

ದಿನಕ್ಕೆ ಆರು ಗಂಟೆ ನೇರ ಬಿಸಿಲು, ನೀರು ನಿಲ್ಲದ ಜಾಗ, ತುಸು ಹುಳಿ ಮಣ್ಣು: ಪಿಎಚ್ 6ರಿಂದ 6.8. ನಮ್ಮ 32 ಚದರಡಿ ಪಾತಿಗೆ 2 ಇಂಚು ದಪ್ಪ ಕಾಂಪೋಸ್ಟ್ ಹರಡಲು ಸುಮಾರು 150 ಲೀಟರ್ ಬೇಕು. ಅದನ್ನು 8ರಿಂದ 10 ಇಂಚು ಆಳಕ್ಕೆ ಅಗೆದು ಬೆರೆಸಬೇಕು. ಬುಡ, ಅಂದರೆ ಬೇರು ಮತ್ತು ಎಲೆ ಸೇರುವ ಬಿಳಿಯ ಗಂಟು, ಮಣ್ಣಿನಿಂದ ಒಂದು ಇಂಚಿಗಿಂತ ಕೆಳಗೆ ಹೋಗಬಾರದು. ಆಳಕ್ಕೆ ನೆಟ್ಟ ಗಿಡ ಸಾಯದೆ, ಹೂವನ್ನೂ ಬಿಡದೆ ಸತಾಯಿಸುತ್ತದೆ.

ವಾರಕ್ಕೆ ಒಂದು ಇಂಚು ನೀರು, ಈ ಪಾತಿಗೆ ಲೆಕ್ಕ ಹಾಕಿದರೆ ಸುಮಾರು 75 ಲೀಟರ್, ಒಂದೇ ಸಲ ಬುಡಕ್ಕೆ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಮೊದಲ ಸುತ್ತಿನ ಹೂ ಮುಗಿದ ವಾರ ಮತ್ತೊಂದು ಸಲ ಗೊಬ್ಬರ ಕೊಟ್ಟು ನೀರು ಬಿಡದಿದ್ದರೆ ಎರಡನೇ ಸುತ್ತು ಸೊರಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಗುಂಪನ್ನು ಅಗೆದು ಮೂರು ಮೂರು ಹಿಳ್ಳಿನ ತುಂಡು ಮಾಡಿ ಮರಳಿ ನೆಡಬೇಕು. ಸ್ಟೆಲ್ಲಾ ಈಗ ಮೊದಲಿನಂತೆ ಮತ್ತೆ ಹೂಬಿಡುವುದಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಎಂಟು ವರ್ಷ ಅಗೆದು ಬಿಡಿಸದ, ನಡು ಟೊಳ್ಳಾದ ಗುಂಪು.

ಪರಾಗದ ಬೆಳಗು

ಹೂವು ಬೆಳಗ್ಗೆ ಅರಳುತ್ತದೆ. ಒಳಗೆ ಆರು ಕೇಸರ, ನಡುವೆ ಅವುಗಳಿಗಿಂತ ಉದ್ದವಾಗಿ ಹೊರಚಾಚಿದ ಒಂದು ಶಲಾಕೆ. ಕೇಸರದ ತುದಿಯ ಚೀಲ ಒಡೆದು ಹಳದಿ ಹುಡಿ ನವಿರಾಗಿ ಉಬ್ಬಿದಾಗ ಪರಾಗ ಸಿದ್ಧ. ಹವೆ ನೋಡಿಕೊಂಡು ಅದು ಎಂಟೂವರೆಯಿಂದ ಹತ್ತರ ನಡುವೆ. ತಂದೆ ಗಿಡದ ಹೂವಿನಿಂದ ಒಂದು ಕೇಸರವನ್ನು ಚಿಮಟದಲ್ಲಿ ಕಿತ್ತು, ಅದನ್ನೇ ಕುಂಚದಂತೆ ಹಿಡಿದು ತಾಯಿ ಹೂವಿನ ಶಲಾಕೆಯ ತುದಿಗೆ ಮುಟ್ಟಿಸಿದರೆ ಆಯಿತು. ತುದಿಯಲ್ಲಿ ಹಳದಿ ಹುಡಿ ಅಂಟಿದ್ದು ಕಣ್ಣಿಗೆ ಕಾಣಬೇಕು. ಒಂದು ಕೇಸರ ನಾಲ್ಕೈದು ಹೂವಿಗೆ ಸಾಕು.

ದುಂಬಿ, ಜೇನು ಡೇಲಿಲಿಯಲ್ಲಿ ಪರಾಗ ಸಾಗಿಸುವುದು ಕಡಿಮೆ, ಯಾಕೆಂದರೆ ಶಲಾಕೆಯ ತುದಿ ಅವು ಓಡಾಡುವ ಜಾಗದಿಂದ ದೂರ. ಮಿನಿಯೇಚರ್‌ನಲ್ಲಿ ಈ ದೂರವೂ ಮಿನಿಯೇಚರ್. ಅದಕ್ಕಾಗಿ ಇಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ನಾಳೆ ಅರಳಲಿರುವ ಉಬ್ಬಿದ ಮೊಗ್ಗನ್ನು ಹಿಂದಿನ ಸಂಜೆಯೇ ಮೆಲ್ಲಗೆ ಬಿಡಿಸಿ ಆರೂ ಕೇಸರ ತೆಗೆದುಬಿಡಿ. ಬೆಳಗ್ಗೆ ಪರಾಗ ಹಚ್ಚಿದ ಮೇಲೆ ಶಲಾಕೆಯ ತುದಿಗೆ ಅಡಿಗೆಮನೆಯ ಅಲ್ಯುಮಿನಿಯಂ ಹಾಳೆಯ ಚೂರನ್ನು ಟೋಪಿಯಂತೆ ಸುತ್ತಿ. ಸಂಜೆ ಹೂ ಬಾಡುವಾಗ ಅದೂ ಜೊತೆಗೆ ಹೋಗುತ್ತದೆ.

ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಲ್ಲಿ ಹಚ್ಚಿದ್ದು ಬಹುಪಾಲು ಉದುರುತ್ತದೆ. ಹಚ್ಚಿ ಒಂದೆರಡು ಗಂಟೆಯೊಳಗೆ ಮಳೆ ಬಂದರೂ ಅಷ್ಟೇ. ಅಂಥ ದಿನ ಪರಾಗ ಕೂಡಿಡುವುದೇ ಬುದ್ಧಿವಂತಿಕೆ: ಕೇಸರದ ತುದಿಗಳನ್ನು ಕಾಗದದ ಮೇಲೆ ನೆರಳಲ್ಲಿ ಒಂದು ಹಗಲು ಒಣಗಿಸಿ, ಪುಟ್ಟ ಕಾಗದದ ಪೊಟ್ಟಣಕ್ಕೆ ಹಾಕಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ, ಫ್ರೀಜರಿನಲ್ಲಿ ಕೆಲವು ತಿಂಗಳು ಬಾಳುತ್ತದೆ. ಒಣಗಿಸದೆ ಫ್ರೀಜರಿಗೆ ಹಾಕಿದ ಪರಾಗ ಸತ್ತಂತೆಯೇ. ಹೊರತೆಗೆದದ್ದನ್ನು ಮತ್ತೆ ಒಳಗಿಡಬಾರದು, ಆದ್ದರಿಂದ ಪೊಟ್ಟಣಗಳು ಒಂದು ದಿನದ ಅಳತೆಯವಾಗಿರಲಿ.

ಟ್ಯಾಗ್ ಕಟ್ಟುವುದು ಹೂ ಬಾಡುವ ಮೊದಲೇ. ಒಡವೆ ಅಂಗಡಿಯ ಬೆಲೆಚೀಟಿಯಂಥ ದಾರದ ಟ್ಯಾಗ್, ಪೆನ್ಸಿಲ್‌ನಲ್ಲಿ ಬರೆದದ್ದು. ತಾಯಿಯ ಹೆಸರು ಮೊದಲು, ತಂದೆಯದು ನಂತರ, ತಾರೀಖು. ಬಾಲ್‌ಪೆನ್ನಿನ ಶಾಯಿ ಆರು ವಾರದ ಬಿಸಿಲು ಮಳೆಗೆ ನಿಲ್ಲುವುದಿಲ್ಲ, ಆಮೇಲೆ ಕೈಯಲ್ಲಿ ಉಳಿಯುವುದು ಅನಾಥ ಬೀಜ.

ಎಷ್ಟು ಹೂವಿಗೆ ಹಚ್ಚಬೇಕು? ಹಿಂದಿನಿಂದ ಲೆಕ್ಕ ಹಾಕೋಣ. ಆರು ಇಂಚು ಅಂತರದಲ್ಲಿ 32 ಚದರಡಿಗೆ 128 ಸಸಿ ಹಿಡಿಸುತ್ತವೆ, 120 ಎಂದಿಟ್ಟುಕೊಳ್ಳಿ. ನೂರಕ್ಕೆ 70 ಬೀಜ ಮೊಳೆತು, ಮೊಳೆತ ನೂರರಲ್ಲಿ 80 ಪಾತಿ ಸೇರುತ್ತವೆ ಎಂದಾದರೆ 215 ಬೀಜ ಬೇಕು. ಮಿನಿಯೇಚರ್ ಕಾಯಿ ಸಣ್ಣದು, ಕಾಯಿಗೆ 8 ಬೀಜ ಹಿಡಿದರೆ 27 ಕಾಯಿ. ಹಚ್ಚಿದ ಐದರಲ್ಲಿ ಎರಡು ಕಟ್ಟಿದರೆ ಸುಮಾರು 68 ಹೂವಿಗೆ ಹಚ್ಚಬೇಕು. ಮೂರು ವಾರ ದಿನಕ್ಕೆ ಮೂರು ನಾಲ್ಕು ಹೂವು, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗುವ ಕೆಲಸ.

ಕಾಯಿಯಿಂದ ಸಸಿಗೆ

ನಾಲ್ಕೈದು ದಿನದಲ್ಲಿ ಬಾಡಿದ ಹೂವಿನ ಬುಡದಲ್ಲಿ ಹಸಿರು ಗುಂಡು ಉಳಿದು ಉಬ್ಬಿದರೆ ಕಟ್ಟಿತು ಎಂದರ್ಥ. ಹಣ್ಣಾಗಲು ಆರರಿಂದ ಎಂಟು ವಾರ. ಕಾಯಿ ಕಂದಾಗಿ ತುದಿಯಲ್ಲಿ ಬಿರುಕು ಬಿಟ್ಟ ದಿನವೇ ಕೀಳಬೇಕು, ಒಂದು ದಿನ ತಡವಾದರೂ ಬೀಜ ನೆಲ ಸೇರುತ್ತದೆ. ಮೂರು ಕೋಣೆ, ಒಳಗೆ ಮೆಣಸಿನ ಕಾಳಿನಂತೆ ಕಪ್ಪಗೆ ಹೊಳೆಯುವ ಗಟ್ಟಿ ಬೀಜ. ಬೆರಳಲ್ಲಿ ಒತ್ತಿದಾಗ ಮೆತ್ತಗಿರುವುದು, ಸುಕ್ಕಾದದ್ದು ಜೊಳ್ಳು.

ಒಂದೆರಡು ದಿನ ನೆರಳಲ್ಲಿ ಆರಿಸಿ, ಹೆಸರು ಬರೆದ ಪುಟ್ಟ ಜಿಪ್ ಚೀಲದಲ್ಲಿ ಫ್ರಿಜ್ಜಿಗೆ. ಚಳಿಗಾಲದಲ್ಲಿ ಎಲೆ ಒಣಗಿ ಮಲಗುವ ತಳಿಗಳನ್ನು ಡಾರ್ಮೆಂಟ್ ಎನ್ನುತ್ತಾರೆ. ಸ್ಟೆಲ್ಲಾ, ಹ್ಯಾಪಿ ರಿಟರ್ನ್ಸ್ ಎರಡೂ ಅದೇ ಬಗೆ. ಇಂಥವುಗಳ ಬೀಜಕ್ಕೆ ಒಣ ತಂಪು ಸಾಲದು, ಒದ್ದೆ ತಂಪು ಬೇಕು. ಬಿತ್ತುವ ಆರು ವಾರ ಮೊದಲು, ಹಿಂಡಿದರೆ ನೀರು ಬಾರದಷ್ಟು ತೇವದ ಕೋಕೋಪೀಟ್ ಅಥವಾ ವರ್ಮಿಕ್ಯುಲೈಟ್‌ನಲ್ಲಿ ಬೀಜ ಬೆರೆಸಿ 4 ಡಿಗ್ರಿಯಲ್ಲಿಡಿ. ಬೂಷ್ಟು ಇಲ್ಲಿಯ ದೊಡ್ಡ ಶತ್ರು. ಒಂದು ಲೀಟರ್ ನೀರಿಗೆ ಔಷಧಿ ಅಂಗಡಿಯ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ದೊಡ್ಡ ಚಮಚ ಬೆರೆಸಿ, ಅದರಿಂದಲೇ ತೇವ ಮಾಡಿದರೆ ಬೂಷ್ಟು ತಗ್ಗುತ್ತದೆ. ಒದ್ದೆ ತಂಪಿಲ್ಲದೆ ಬಿತ್ತಿದರೂ ಕೆಲವು ಮೊಳೆಯುತ್ತವೆ, ಒಂದೊಂದು ಒಂದೊಂದು ತಿಂಗಳಿಗೆ. ಅಷ್ಟರಲ್ಲಿ ತಟ್ಟೆಯಲ್ಲಿ ಪಾಚಿ.

ಅರ್ಧ ಇಂಚು ಆಳ, 20ರಿಂದ 25 ಡಿಗ್ರಿ ಬೆಚ್ಚಗೆ, ಒಂದರಿಂದ ಮೂರು ವಾರದಲ್ಲಿ ಹುಲ್ಲಿನಂಥ ಮೊಳಕೆ. ಇಂಡಿಯಾನಾ, ನ್ಯೂಜೆರ್ಸಿಯ ಹವೆಯಲ್ಲಿ ಫೆಬ್ರವರಿ ಕೊನೆಗೆ ಮನೆಯೊಳಗೆ ಬಿತ್ತಿ, ಕೊನೆಯ ಹಿಮ ಕಳೆದ ಮೇ ತಿಂಗಳಲ್ಲಿ ಐದಾರು ಇಂಚಿನ ಸಸಿಗಳನ್ನು ಪಾತಿಗೆ ಇಳಿಸುವುದು ಸರಿಯಾದ ಓಟ. ಅಲ್ಲಿ ಹೂ ಕಾಣುವುದು ಎರಡನೇ ಬೇಸಿಗೆಗೆ, ಕೆಲವದರಲ್ಲಿ ಮೂರನೆಯದಕ್ಕೆ. ಹಿಮ ಬೀಳದ ಊರುಗಳಲ್ಲಿ ವರ್ಷದೊಳಗೇ ಮೊಗ್ಗು ಬರುವುದುಂಟು.

ಬೆಂಗಳೂರಿನಲ್ಲಿ ಇದೇ ಜೋಡಿ ಹಾಕಿದರೆ

ಇದೇ ಎರಡು ತಳಿ ಇಲ್ಲಿ ಅದೇ ಫಲ ಕೊಡುತ್ತವೆ ಎಂದು ನಂಬಬೇಡಿ. ಡಾರ್ಮೆಂಟ್ ಗಿಡಕ್ಕೆ ಚಳಿನಿದ್ದೆ ಬೇಕು. ಬೆಂಗಳೂರಿನ ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸು, ಅದು ಆ ಗಿಡಕ್ಕೆ ತೂಕಡಿಕೆಯೂ ಅಲ್ಲ. ಮೊದಲ ವರ್ಷ ಚೆನ್ನಾಗಿ ಹೂಬಿಟ್ಟು, ಹಿಳ್ಳು ಹೆಚ್ಚುವ ಬದಲು ವರ್ಷ ವರ್ಷ ಇಳಿಯುವ ಸಾಧ್ಯತೆಯೇ ಹೆಚ್ಚು. ಇಲ್ಲಿಗೆ ಬೇಕಾದ್ದು ಎಲೆ ಉದುರಿಸದ ಎವರ್‌ಗ್ರೀನ್ ಅಥವಾ ಅರೆ ಎವರ್‌ಗ್ರೀನ್ ಡಿಪ್ಲಾಯ್ಡ್ ಮಿನಿಯೇಚರ್. ಅದನ್ನು ತಾಯಿ ಮಾಡಿ ಡಾರ್ಮೆಂಟ್ ಪರಾಗ ಹಚ್ಚಿದರೆ ಮಕ್ಕಳಲ್ಲಿ ಎಲ್ಲ ಬಗೆಯೂ ಹುಟ್ಟುತ್ತವೆ. ಎರಡು ಚಳಿಗಾಲ ಕಳೆದ ಮೇಲೂ ಹಿಳ್ಳು ಹೆಚ್ಚಿಸಿಕೊಂಡು ನಿಂತವನ್ನು ಮಾತ್ರ ಇಟ್ಟುಕೊಳ್ಳಬೇಕು. ಎವರ್‌ಗ್ರೀನ್ ಬೀಜಕ್ಕೆ ತಂಪಿನ ಹಂಗು ಕಡಿಮೆ, ಹತ್ತು ಬೀಜ ನೇರ ಬಿತ್ತಿ ನೋಡಿ ಮೊಳೆತರೆ ಉಳಿದವನ್ನೂ ಬಿತ್ತಬಹುದು.

ಮಳೆಗಾಲದಲ್ಲಿ ಹಣ್ಣಾಗುವ ಕಾಯಿ ಬಿರಿಯುವ ಮೊದಲೇ ಕೊಳೆಯುತ್ತದೆ. ಏಪ್ರಿಲ್ ಹೂವಿಗೇ ಪರಾಗ ಹಚ್ಚಿ, ಜೂನ್ ಹೊತ್ತಿಗೆ ಕಾಯಿ ಕೈಗೆ ಬರುವಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ. ಮಲೆನಾಡಿನಲ್ಲಾದರೆ ಪಾತಿಯ ಆಸೆ ಬಿಟ್ಟು 10 ಇಂಚಿನ ಕುಂಡ, ಕಾಲುಭಾಗ ಒರಟು ಮರಳು, ಸೂರಿನಡಿ. ಬುಡ ಕೊಳೆತ ಗಿಡದ ಎಲೆ ಹಿಡಿದೆಳೆದರೆ ಕೈಗೇ ಬರುತ್ತದೆ, ಹುಳಿತ ವಾಸನೆ ಹೊಡೆಯುತ್ತದೆ. ಕೊಳೆತದ್ದನ್ನು ಬಿಳಿ ಕಾಣುವವರೆಗೆ ಕೊಯ್ದು, ಎರಡು ದಿನ ನೆರಳಲ್ಲಿ ಒಣಗಿಸಿ ಬೇರೆ ಮಣ್ಣಿಗೆ ಹಾಕಿದರೆ ಕೆಲವು ಬದುಕುತ್ತವೆ.

ತುಕ್ಕುರೋಗದ ಬಗ್ಗೆ ಒಂದು ಎಚ್ಚರ. ಪಕ್ಸೀನಿಯಾ ಹೆಮೆರೊಕ್ಯಾಲಿಡಿಸ್ ಎಂಬ ಈ ಶಿಲೀಂಧ್ರ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು 2000ದಲ್ಲಿ, ತೆಂಕಣ ರಾಜ್ಯಗಳಲ್ಲಿ. ಎಲೆಯಡಿಯ ಕಿತ್ತಳೆ ಹುಡಿಯನ್ನು ಬಿಳಿ ಕಾಗದದಿಂದ ಒರೆಸಿದರೆ ಗೆರೆ ಮೂಡುತ್ತದೆ. ಹಿಮದ ನಾಡಿನಲ್ಲಿ ಎಲೆ ಸತ್ತಾಗ ಅದೂ ಸಾಯುತ್ತದೆ, ಎಲೆ ಎಂದೂ ಸಾಯದ ನಮ್ಮಂಥ ಕಡೆ ವರ್ಷಪೂರ್ತಿ ಬಾಳುತ್ತದೆ. ನ್ಯೂಜೆರ್ಸಿಯಿಂದ ರಜೆಗೆ ಬರುವ ತಮ್ಮನ ಸೂಟ್‌ಕೇಸಿನಲ್ಲಿ ನಾಲ್ಕು ಹಿಳ್ಳು ತರಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಅಲ್ಲಿಯ ಸಸ್ಯ ಆರೋಗ್ಯ ಪತ್ರ ಎರಡೂ ಬೇಕು.

ಯಾವುದನ್ನು ಉಳಿಸುವುದು

ಮೊದಲ ಹೂವನ್ನು ನೋಡಿ ತೀರ್ಪು ಕೊಡುವುದೇ ಈ ಕೆಲಸದ ದೊಡ್ಡ ತಪ್ಪು. ಒಂಟಿ ಹಿಳ್ಳಿನ ಮೇಲೆ ಬಂದ ಮೊದಲ ಹೂವು ಮುಂದಿನದಕ್ಕಿಂತ ಚಿಕ್ಕದಿರುವುದು ಸಾಮಾನ್ಯ. ಎರಡೂ ಮುಕ್ಕಾಲು ಇಂಚು ಎಂದು ಸಂಭ್ರಮಿಸಿದ್ದು ಮೂರನೇ ವರ್ಷಕ್ಕೆ ಮೂರೂ ಕಾಲು ಆಗಿರುತ್ತದೆ. ಮರುಹೂವಂತೂ ಗುಂಪು ನಾಲ್ಕೈದು ಹಿಳ್ಳಿಗೆ ಬರುವವರೆಗೆ ಬಾಯಿ ಬಿಡುವುದಿಲ್ಲ. ಹಾಗೆಂದು 120ನ್ನೂ ಮೂರು ವರ್ಷ ಸಾಕಲಾಗದು, ಆರು ಇಂಚಿನ ಅಂತರ ಎರಡನೇ ವರ್ಷವೇ ಕಿರಿದಾಗುತ್ತದೆ. ಮೊದಲ ಹೂವಿನ ವರ್ಷ ತೆಗೆಯಬೇಕಾದ್ದು ಸಂಶಯವೇ ಇಲ್ಲದವನ್ನು: ನಾಲ್ಕು ಇಂಚಿನ ಹೂವಿನವು, ಮಸುಕು ಬಣ್ಣದವು, ಎಲೆಯಡಿ ಹೂ ಬಿಡುವವು, ಮಧ್ಯಾಹ್ನಕ್ಕೇ ಕರಗಿ ಜೋತುಬೀಳುವವು. ಇಪ್ಪತ್ತೈದು ಉಳಿದರೆ ಅವಕ್ಕೆ ಒಂದೊಂದು ಅಡಿ ಜಾಗ ಸಿಗುತ್ತದೆ. ಕರುಣೆ ತೋರಿ ಅರವತ್ತು ಉಳಿಸಿಕೊಂಡವರ ಪಾತಿಯಲ್ಲಿ ಮೂರನೇ ವರ್ಷ ಯಾವ ಗಿಡದ್ದೂ ನಿಜರೂಪ ಗೊತ್ತಾಗುವುದಿಲ್ಲ.

ಆಮೇಲೆ ನೋಟ್‌ಬುಕ್. ಪ್ರತಿ ಸಸಿಗೆ ಮೊದಲ ಹೂವಿನ ತಾರೀಖು, ಕೊನೆಯದು, ಆ ವರ್ಷ ಎದ್ದ ದಂಟುಗಳ ಸಂಖ್ಯೆ, ದಂಟಿಗೆ ಮೊಗ್ಗು, ಹೂವಿನ ಅಗಲ. ಅಗಲವನ್ನು ಹೂ ಪೂರ್ತಿ ಅರಳಿದ ಮೇಲೆ, ಎಸಳನ್ನು ಎಳೆಯದೆ, ಇದ್ದ ಹಾಗೇ ಅಳೆಯಬೇಕು. ಬೇರೆ ಬೇರೆ ದಿನ ಹತ್ತು ಹೂವಿನ ಸರಾಸರಿ. ಮೋಡದ ತಂಪು ದಿನ ಒಂದೇ ಗಿಡದ ಹೂವಿನ ಅಳತೆ ಬೇರೆ ಬರುತ್ತದೆ.

ಹ್ಯಾಪಿ ರಿಟರ್ನ್ಸ್‌ಗೆ ಮರಳೋಣ. ಆ ತಿಳಿಹಳದಿ ಮೊದಲ ಪೀಳಿಗೆಯಲ್ಲೇ ಸಿಕ್ಕಿದ್ದರಿಂದ ಎರಡರಲ್ಲೊಂದು ನಿಜವಿರಬೇಕು: ತಿಳಿಬಣ್ಣ ಬರಲು ಒಂದು ಕಡೆಯ ಕೊಡುಗೆ ಸಾಕು, ಇಲ್ಲವೇ ಸ್ಟೆಲ್ಲಾದ ಒಳಗೂ ಅದು ಅಡಗಿ ಕೂತಿತ್ತು. ಎರಡರಲ್ಲಿ ಯಾವುದಾದರೂ, ಹ್ಯಾಪಿ ರಿಟರ್ನ್ಸನ್ನು ಮತ್ತೆ ಸ್ಟೆಲ್ಲಾಗೇ ಕೂಡಿಸಿದರೆ ಒಂದಷ್ಟು ತಿಳಿಹಳದಿ ಮಕ್ಕಳು ನಿರೀಕ್ಷಿಸಬಹುದು. ಎರಡರ ಅಗಲದ ಸರಾಸರಿ 2.94 ಇಂಚು, ಗೆರೆಯ ಒಳಗೇ. ಹತ್ತಿರಹತ್ತಿರ ಅರ್ಧದಷ್ಟು ಸಸಿ 3 ಇಂಚಿನ ಕೆಳಗೆ ಬಿದ್ದಾವು, ಮರುಹೂವು ಎರಡೂ ಕಡೆಯಿಂದ ಬರುತ್ತದೆ. ಕಳೆದುಹೋದ ⅛ ಇಂಚನ್ನು ಮರಳಿ ಪಡೆಯಲು ಮನೆತೋಟದಲ್ಲಿ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಹ್ಯಾಪಿ ರಿಟರ್ನ್ಸನ್ನು ಅದಕ್ಕೇ ಕೂಡಿಸುವ ಪ್ರಯೋಗಕ್ಕೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಡಿಪ್ಲಾಯ್ಡ್ ಡೇಲಿಲಿಗಳಲ್ಲಿ ತನ್ನ ಪರಾಗವನ್ನೇ ಒಲ್ಲದವು ಬಹಳ. ಅದರ ಬದಲು ಒಂದೇ ಜೋಡಿಯ ಎರಡು ಮಕ್ಕಳನ್ನು ಕೂಡಿಸಿ.

ಕೊನೆಗೆ ಉಳಿದ ಒಂದೆರಡು ಸಸಿಗಳನ್ನು ಹೆಚ್ಚಿಸುವುದು ಹಿಳ್ಳು ಬಿಡಿಸಿಯೇ, ಬೀಜದಿಂದಲ್ಲ. ಬೀಜದ ಮಗು ಹೊಸ ಗಿಡ, ಅದಕ್ಕೆ ತಾಯಿಯ ಹೆಸರು ಸಲ್ಲದು. ಕೆಲವು ದಂಟುಗಳ ಗೆಣ್ಣಿನಲ್ಲಿ ಪುಟ್ಟ ಎಲೆಗುಚ್ಛ ಮೂಡುತ್ತದೆ. ದಂಟು ಒಣಗುವ ಮೊದಲು ಗೆಣ್ಣಿನ ಕೆಳಗೂ ಮೇಲೂ ಒಂದೊಂದು ಇಂಚು ಬಿಟ್ಟು ಕತ್ತರಿಸಿ ತೇವದ ಮರಳಿಗೆ ಸಿಕ್ಕಿಸಿದರೆ ಬೇರೊಡೆದು ತಾಯಿಯ ತದ್ರೂಪವೇ ಆಗುತ್ತದೆ. ಹೆಸರಿಟ್ಟು ನೋಂದಾಯಿಸುವ ಮನಸ್ಸಿದ್ದರೆ ಅರ್ಜಿ ಹೋಗಬೇಕಾದ್ದು ಅಮೆರಿಕನ್ ಡೇಲಿಲಿ ಸೊಸೈಟಿಗೆ, ಲೋಕದ ಎಲ್ಲ ಡೇಲಿಲಿ ಹೆಸರುಗಳ ದಾಖಲೆ ಅವರದೇ. ಹೆಸರು ಮೊದಲು ಯಾರೂ ಬಳಸಿರಬಾರದು. ಎತ್ತರ, ಅಗಲ, ಹೂಬಿಡುವ ಕಾಲ, ಎಲೆಯ ಬಗೆ, ವರ್ಣತಂತು, ತಾಯಿ, ತಂದೆ ಎಲ್ಲ ಕೇಳುತ್ತಾರೆ. ಅಗಲದ ಜಾಗದಲ್ಲಿ ಬರೆಯುವ ಅಂಕಿ ಮೂರನೇ ವರ್ಷದ ಗುಂಪಿನದಾಗಿರಲಿ.